ಬಸ್ಸು ತುಂಬಿದ ದಿನ

“ವಾಂತಿ ಬರಂಗಾದ್ರೆ ನಾಚ್ಕಬ್ಯಾಡ್ರಿ ಹುಚ್ಚಕ್ಕೋರೆ. ಒಂದು ಕೂಗು ಹಾಕ್ರಿ ಸಾಕು, ಎಂಥಾ ಘಾಟಿನಾಗಿದ್ರೂ ಬಸ್ಸು ನಿಲ್ಲುಸ್ತೀನಿ” ಎನ್ನುತ್ತ ಏಕಾಂತಪ್ಪ ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಆದಿವಾಲದಿಂದ ಬಂದಿದ್ದ ಮುದುಕಿಯ ಅಂಗೈಗೆ ನಿಂಬೆಹಣ್ಣು ಇಟ್ಟ. ಅಡಿಗೆಮನೆಯ ಬಾಗಿಲಿಂದ ಅವನ ಹೆಂಡತಿ ವೀರಮ್ಮ ಅದನ್ನು ನೋಡುತ್ತಿದ್ದಳು. ಚೊಚ್ಚಲ ಬಸುರಿನಲ್ಲಿ ತಾನು ವಾಂತಿ ಮಾಡಿ ಮಾಡಿ ಸೋತು ಗೋಡೆಗೆ ಒರಗಿದ್ದಾಗ ಇದೇ ಬಾಯಿ, “ಹಿತ್ಲಿಗೆ ಹೋಗಾಕೆ ಏನಾಗೈತೆ ನಿಂಗೆ?” ಅಂದಿತ್ತು.

ಚಳಿಗಾಲ ಬಂತೆಂದರೆ ಏಕಾಂತಪ್ಪ ಹೊಸದುರ್ಗದಲ್ಲಿ ಒಂದು ಬಸ್ಸು ಬಾಡಿಗೆಗೆ ಹಿಡಿದು ಮಂತ್ರಾಲಯ, ಶ್ರೀಶೈಲ, ತಿರುಪತಿಗೆ ಜನರನ್ನು ಕರೆದೊಯ್ಯುತ್ತಿದ್ದ. ಹಿರಿಯೂರು, ಹೊಳಲ್ಕೆರೆ ಕಡೆಯವರು ಮಧ್ಯಾಹ್ನವೇ ಅವನ ಮನೆಗೆ ಬಂದು, ಉಂಡು, ಒಂದಿಷ್ಟು ಅಡ್ಡಾಗಿ, ಸಂಜೆಗೆ ಬಸ್ಸು ಹತ್ತುವರು. ಯಾವ ಛತ್ರದಲ್ಲಿ ಬಿಸಿನೀರು ಸಿಗುತ್ತದೆ, ಯಾರಿಗೆ ಮಂಡಿನೋವು, ಹಲ್ಲಿಲ್ಲದ ಪಂಚಾಕ್ಷರಪ್ಪನವರಿಗೆ ಅನ್ನ ಎಷ್ಟು ಮೆತ್ತಗಿರಬೇಕು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿ. ಮನೆಯಲ್ಲಿದ್ದ ರೇಷನ್ ಸಕ್ಕರೆ ಯಾತ್ರೆಯವರ ಕಾಫಿಗೆ, ವೀರಮ್ಮನಿಗೆ ಬೆಲ್ಲ. ರೊಟ್ಟಿ ತಟ್ಟಿ, ಚಟ್ನಿಪುಡಿ ಕುಟ್ಟಿ, ಗಂಟು ಕಟ್ಟಿ ಕಳಿಸುವ ಅವಳು ಹೊಸದುರ್ಗದ ಆಚೆ ಕಂಡಿದ್ದು ತವರೂರು ಬಿ.ದುರ್ಗವನ್ನು ಮಾತ್ರ. ತಾನೂ ಬರುತ್ತೇನೆಂದು ವರ್ಷ ವರ್ಷವೂ ಕೇಳುತ್ತಿದ್ದಳು. ಈ ಸಲವೂ ಕೇಳಿದ್ದಳು.

“ಲೇ, ಬಸ್ಸು ತುಂಬಿದ್ರೆ ನಿಂಗೆ ಸೀಟಿಲ್ಲ. ತುಂಬ್ದಿದ್ರೆ ಬಸ್ಸೇ ಹೊರಡಲ್ಲ. ಹೆಂಗೆ ಬರ್ತೀಯ ನೀನು?” ಎಂದು ಏಕಾಂತಪ್ಪ ನಕ್ಕುಬಿಟ್ಟಿದ್ದ.

ಬಿಸಿಲು ಇಳಿಯುತ್ತಲೇ ಉಳಿದವರೆಲ್ಲ ಗಂಟುಮೂಟೆ ಹೊತ್ತು ಮನೆಯ ಮುಂದೆ ನಿಂತಿದ್ದ ಬಸ್ಸಿನ ಕಡೆ ಹೋದರು. ಏಕಾಂತಪ್ಪ ಅವರನ್ನು ಹತ್ತಿಸುವ ಗಡಿಬಿಡಿಯಲ್ಲಿದ್ದ. ಹುಚ್ಚಕ್ಕ ಮಾತ್ರ ಕುಡಿಯುವ ನೀರಿಗೆಂದು ಅಡಿಗೆಮನೆಗೆ ಬಂದಳು.

“ಪುಣ್ಯ ಮಾಡಿದ್ದಿ ಕಣವ್ವ ನೀನು. ಗುರ್ತಿಲ್ಲದ ನಮ್ಮನ್ನೇ ಇಂಗೆ ನೋಡ್ಕಂಬೋನು, ಕೈ ಹಿಡಿದೋಳ್ನ ಇನ್ನೆಂಗೆ ನೋಡ್ಕಂತಾನೋ.”

“ನೋಡ್ಕಂತಾರೆ” ಎಂದಳು ವೀರಮ್ಮ. ಚೊಂಬು ಕೈಗೆ ಕೊಡುವಾಗ ಮಾತು ತಾನೇ ಹೊರಬಿತ್ತು. “ಆದ್ರೂ ಹುಷಾರಾಗಿರವ್ವ. ಹೋದ ವರ್ಷ ತಿರುಪತಿ ಗದ್ದಲದಾಗೆ ನಿನ್ನಂಥಾ ಒಬ್ಬಾಕೆ ತಪ್ಪಿಸ್ಕಂಡ್ಲು. ಒಬ್ರಿಗೋಸ್ಕರ ಬಸ್ಸು ಕಾಯ್ತದಾ? ಬಿಟ್ಟು ಬಂದ್ರು.”

ಒಬ್ಬಾಕೆ ತಪ್ಪಿಸಿಕೊಂಡಿದ್ದು ನಿಜ. ಬಿಟ್ಟು ಬಂದದ್ದನ್ನು ವೀರಮ್ಮ ಆಗಷ್ಟೇ ಹೆಣೆದಿದ್ದಳು.

ಮುದುಕಿ ಚೊಂಬನ್ನು ಹಾಗೇ ಕೆಳಗಿಟ್ಟಳು. “ನಂಗೆ ಬೋರ್ಡು ಓದಾಕೂ ಬರಲ್ಲವ್ವ. ಊರಿಗೇ ಹೋಗ್ಬಿಡ್ಲಾ?” ಎಂದು, ಉತ್ತರಕ್ಕೂ ಕಾಯದೆ, ಕಣ್ಣೊರೆಸಿಕೊಳ್ಳುತ್ತ ಹಿತ್ತಿಲ ಬಾಗಿಲಿಂದ ಆಚೆ ನಡೆದಳು.

ವೀರಮ್ಮ ಲೆಕ್ಕ ಹಾಕಿದಳು. ಹೊರಡುವುದು ಖಂಡಿತವಾದ ಬಸ್ಸು, ಅದರಲ್ಲೊಂದು ಖಾಲಿ ಸೀಟು. ಟ್ರಂಕಿನಲ್ಲಿದ್ದ ಇಳಕಲ್ ಸೀರೆಯ ನೆನಪಾಗಿ ಪಡಸಾಲೆಗೆ ಓಡಿ ಬಂದಳು. ಅಷ್ಟರಲ್ಲಿ ಹೊರಜಗುಲಿಯ ಮೇಲೆ ಗಂಡನ ಹೆಜ್ಜೆ. ಮುದುಕಿ ಎಲ್ಲಿ, ಅವಳಿಗೆ ಏನಂದೆ ಎಂದು ಕೇಳಿದರೆ? ದಿಕ್ಕು ತೋಚದೆ, ಹುಚ್ಚಕ್ಕ ಮಲಗಿದ್ದ ಮೂಲೆಯಲ್ಲಿ ಬಿದ್ದಿದ್ದ ಕರಿಕಂಬಳಿಯನ್ನು ತಲೆತುಂಬ ಎಳೆದುಕೊಂಡು ಗೋಡೆ ಕಡೆಗೆ ಮುಖಮಾಡಿ ಮಲಗಿಬಿಟ್ಟಳು.

“ಹುಚ್ಚಕ್ಕೋರೆ, ಎಲ್ರೂ ಹತ್ತಿದ್ರು. ನೀವೊಬ್ರೇ ಬಾಕಿ. ಏಳ್ರಿ.”

ಕಂಬಳಿ ಅಲುಗಲಿಲ್ಲ. ಏಕಾಂತಪ್ಪ ಹತ್ತಿರ ಬಂದು ನೆಲದ ಮೇಲೆ ಕೂತದ್ದು ಅವಳಿಗೆ ತಿಳಿಯಿತು. ಅವನ ದನಿ ತಗ್ಗಿತು.

“ಭಯ ಆಗ್ತೈತಾ? ಆಗ್ಲಿ ಬಿಡ್ರಿ. ಮೊದ್ಲು ಊರು ಬಿಡುವಾಗ ಎಲ್ರಿಗೂ ಆಗ್ತೈತೆ. ನಂಗೂ ಆಗಿತ್ತು, ಯಾರಿಗೂ ಹೇಳಿಲ್ಲ. ಹೋದ ವರ್ಷ ಒಬ್ರು ತಿರುಪತಿಯಾಗೆ ತಪ್ಪಿಸ್ಕಂಡಿದ್ರು. ಅವ್ರು ಸಿಗೋಗಂಟ ಬಸ್ಸು ಅಲ್ಲೇ ನಿಂತಿತ್ತು, ನಾನು ಒಂದು ತೊಟ್ಟು ಕಾಫಿ ಕುಡೀಲಿಲ್ಲ. ನಿಮ್ಮನ್ನ ಬಿಟ್ಟು ಹೋಗಾಕಾಗ್ತದಾ ನನ್ ಕೈಲಿ? ಕಿಟಕಿ ಪಕ್ದಾಗೇ ಕುಂದ್ರುಸ್ತೀನಿ. ಚಳಿಯಾದ್ರೆ ನನ್ನ ಶಾಲು ಐತೆ. ಬರ್ರಿ, ಹೋಗಾಣ.”

ಕಂಬಳಿಯೊಳಗೆ ಕುರಿಯ ವಾಸನೆ, ಉಸಿರಿನ ಬಿಸಿ. ವೀರಮ್ಮ ತುಟಿ ಕಚ್ಚಿಕೊಂಡಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದ ಈ ದನಿ ಯಾರ್ಯಾರದೋ ಕಿವಿಗೆ ಬಿದ್ದಿತ್ತು; ಹೊಳಲ್ಕೆರೆಯವರ ಕಿವಿಗೆ, ಹಿರಿಯೂರಿನವರ ಕಿವಿಗೆ. ಮುಖ ತೆಗೆದರೆ ಮುಗಿಯಿತು, ಮತ್ತೆ ಅದೇ ‘ಲೇ’. ಅವಳಿಗೆ ಈಗ ಸೀಟೂ ನೆನಪಿರಲಿಲ್ಲ, ತಿರುಪತಿಯೂ ನೆನಪಿರಲಿಲ್ಲ.

“ಏಳ್ರಿ ನಮ್ಮವ್ವ” ಎನ್ನುತ್ತ ಅವನು ಮೆಲ್ಲಗೆ ಕಂಬಳಿಯ ಅಂಚಿಗೆ ಕೈ ಹಾಕಿದ.

ಆಗ ಬಸ್ಸಿನ ಕಡೆಯಿಂದ ಕೂಗು ಕೇಳಿಸಿತು. ಹುಚ್ಚಕ್ಕನದೇ ದನಿ.

“ಏಕಾಂತಣ್ಣ, ನಾ ಹತ್ತಿ ಕುಂತೀನಿ ಕಣಪ್ಪ. ಆಗಿದ್ದಾಗ್ಲಿ, ಬಂದೇಬಿಡ್ತೀನಿ. ನನ್ ಕಂಬ್ಳಿ ಒಳಗೈತೆ, ತಗಂಬಾ.”

ಏಕಾಂತಪ್ಪನ ಕೈ ಇದ್ದಲ್ಲೇ ನಿಂತಿತು. ಡ್ರೈವರ್ ಒಂದು ಸಲ ಹಾರನ್ ಹೊಡೆದ, ಇನ್ನೊಂದು ಸಲ ಹೊಡೆದ. ಕಂಬಳಿಯ ಒಂದು ಅಂಚು ಅವನ ಕೈಯಲ್ಲಿತ್ತು. ಇನ್ನೊಂದು ಅಂಚನ್ನು ಒಳಗಿನಿಂದ ಯಾರೋ ಬಿಗಿಯಾಗಿ ಹಿಡಿದಿದ್ದರು.