ಪರದೆಯ ಹಿಂದಿನ ಇಲಿ

ವೇದಿಕೆಯ ಮೇಲೆ ಪೋಸ್ಟ್‌ಮ್ಯಾನ್ ಬಾಯಿ ತೆರೆದ. ಮಾತು ಬರಲಿಲ್ಲ. ಅವನದು ಛತ್ರದ ಯಜಮಾನನ ಪಾತ್ರ. ಎದುರಿಗೆ ಒಬ್ಬ ದಾರಿಹೋಕ, ಅವನ ತುಂಬು ಬಸುರಿ ಹೆಂಡತಿ ಜಾಗ ಕೇಳುತ್ತ ನಿಂತಿದ್ದರು. ಅವರನ್ನು ಗದರಿಸಿ ಕಳಿಸಬೇಕು. ಏನೆಂದು ಗದರಿಸಬೇಕೆಂಬುದೇ ಮರೆತುಹೋಗಿತ್ತು. ಪಕ್ಕದ ಪರದೆಯ ಹಿಂದೆ ಪುಸ್ತಕ ಹಿಡಿದು ಕುಳಿತಿದ್ದ ಪೋಸ್ಟ್‌ಮ್ಯಾನ್‌ನ ಹೆಂಡತಿ ಮಾತನ್ನು ಪಿಸುಗುಟ್ಟಿದಳು. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಪಿಸುಗುಟ್ಟಿದಳು. ಈ ಸಲ ಮುಂದಿನ ಬೆಂಚುಗಳಿಗೂ ಕೇಳಿಸಿ, ಯಾರೋ ಕಿಸಕ್ಕನೆ ನಕ್ಕರು.

ಮಾನ ಉಳಿಸಿಕೊಳ್ಳಲು ಪೋಸ್ಟ್‌ಮ್ಯಾನ್ ಪರದೆಯ ಕಡೆ ತಿರುಗಿ ಸೊಂಟದ ಮೇಲೆ ಕೈಯಿಟ್ಟ. “ಜಾಗ ಇಲ್ಲ ಅಂತ ಹೇಳೋಣ ಅಂದ್ರೆ ಈ ಇಲಿ ಕಾಟ ಬೇರೆ! ಏನದು ಒಳಗೆ ಕಿಚಕಿಚ?”

ಶಾಲೆಯ ಹಾಲಿನ ಸೂರು ಹಾರಿಹೋಗುವಂತೆ ಜನ ನಕ್ಕರು.

ಆ ಕಿಚಕಿಚ ಬಿಟ್ಟರೆ ಅವಳಿಗೆ ಬೇರೆ ದನಿ ಉಳಿದಿರಲಿಲ್ಲ. ಗಂಟಲಿನ ಆಪರೇಷನ್‌ಗೆ ಮುಂಚೆ ಊರಿನ ಕ್ರಿಸ್ಮಸ್ ನಾಟಕಗಳಿಗೆಲ್ಲ ಅವಳೇ ನಾಯಕಿ. ಮೈಕಿಲ್ಲದೆ ಕೊನೆಯ ಬೆಂಚಿಗೆ ಮುಟ್ಟುತ್ತಿದ್ದ ಗಂಟಲು. ಆಮೇಲೆ ಹಾಲಿನ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದಳು. ನಾಟಕ ಆಡಿಸುವ ದರ್ಜಿ ಈ ವರ್ಷ ಮನೆಗೇ ಹೋಗಿ ಕರೆದಿದ್ದ. “ಮಾತು ಹೇಳಿಕೊಡೋಕೆ ಜೋರು ದನಿ ಬೇಡ ಅತ್ತಿಗೆ, ಪಿಸುಮಾತೇ ಬೇಕು. ಇನ್ನೊಂದು, ಪುಸ್ತಕದಲ್ಲಿ ಇಲ್ಲದ ಮಾತಿಗೆ ಜನ ನಕ್ಕರೆ ಅದನ್ನೂ ಪೆನ್ಸಿಲ್‌ನಲ್ಲಿ ಬರ್ಕೊಂಡುಬಿಡಿ. ನಮ್ಮೋರು ಮಾರನೇ ದಿನ ಅದನ್ನೇ ಮರೀತಾರೆ.” ಅವಳು ಪೆನ್ಸಿಲ್ ಚೂಪು ಮಾಡಿಕೊಂಡೇ ಬಂದಿದ್ದಳು.

ಕ್ರಿಸ್ಮಸ್‌ಗೆ ಮುಂಚಿನ ವಾರ ಊರಿನಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಬೇಕರಿಯವನು ಕೈಯ ಹಿಟ್ಟನ್ನೂ ತೊಳೆಯದೆ ರಿಹರ್ಸಲ್‌ಗೆ ಓಡಿಬರುತ್ತಿದ್ದ. ಪೋಸ್ಟ್‌ಮ್ಯಾನ್ ಕಾರ್ಡು, ಪಾರ್ಸೆಲ್ ಎಲ್ಲ ಹಂಚಿ ಮುಗಿಸಿ ಬರುವಷ್ಟರಲ್ಲಿ ಹಾಲಿಗೆ ಬೀಗ ಹಾಕುತ್ತಿದ್ದರು. ಹಾಗಾಗಿ ಹೆಂಡತಿ ಕಾರ್ಡಿನ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ಅವನ ಜೊತೆ ಬೀದಿ ಬೀದಿ ನಡೆದಳು. ಒಂದು ಮನೆಯ ಗೇಟಿನಿಂದ ಇನ್ನೊಂದು ಮನೆಯ ಗೇಟಿಗೆ ಹೋಗುವಷ್ಟರಲ್ಲಿ ಒಂದೊಂದು ಮಾತು ಬಾಯಿಪಾಠ ಮಾಡಿಸಿದಳು.

“ಕೂಗಿ ಹೇಳೇ, ಈ ಗಾಳೀಲಿ ಏನೂ ಕೇಳ್ತಿಲ್ಲ,” ಎಂದು ಅವನು ರೇಗಿದಾಗ ಅವಳು ನಕ್ಕಿದ್ದಳು.

“ಕೂಗೋ ಹಾಗಿದ್ದಿದ್ರೆ ನಿಮ್ಮನ್ನ ಯಾಕ್ರೀ ಸ್ಟೇಜ್ ಹತ್ತಿಸ್ತಿದ್ದೆ? ನಾನೇ ಹತ್ತುತ್ತಿದ್ದೆ. ಕೇಳದಿದ್ರೆ ತುಟಿ ನೋಡಿ. ಮನೇಲಿ ನೋಡಲ್ವಾ?”

ಈಗ ಜನರ ನಗು ಪೋಸ್ಟ್‌ಮ್ಯಾನ್‌ಗೆ ರುಚಿ ಹತ್ತಿಸಿತು. ಎರಡನೆಯ ಸಲ ಅವನಿಗೆ ಮಾತು ಮರೆತಿರಲಿಲ್ಲ, ಮರೆತವನಂತೆ ನಿಂತ. ಪರದೆಯ ಹಿಂದಿನಿಂದ ಪಿಸುಮಾತು ತಡವಿಲ್ಲದೆ ಬಂತು. “ಶುರುವಾಯ್ತು ನೋಡಿ! ಇದು ಮುದಿ ಇಲಿ ಕಣ್ರಪ್ಪಾ, ಗಂಟಲೇ ಕಟ್ಟಿಹೋಗಿದೆ!” ಎಂದ. ಮಕ್ಕಳು ಬೆಂಚು ಕುಟ್ಟಿದರು. ಹಿಂದಿನ ಸಾಲುಗಳಲ್ಲಿ ಕೆಲವು ಹೆಂಗಸರು ನಗಲಿಲ್ಲ. ಅವರು ನಗದಿರುವುದು ಅವನಿಗೆ ಕಾಣಿಸಿತು. ಯಾಕೆಂಬುದು ಒಂದು ಗಳಿಗೆ ತಡವಾಗಿ ಹೊಳೆಯಿತು. ಕಿವಿ ಬಿಸಿಯಾಯಿತು.

ಕೊನೆಯ ದೃಶ್ಯ. ಮನಸ್ಸು ಕರಗಿದ ಯಜಮಾನ ಲಾಟೀನು ಹಿಡಿದು ಬಂದು ಬಾಗಿಲು ತೆರೆಯಬೇಕು. ತೆರೆದ. ಮಾತು ನಿಜವಾಗಿಯೂ ಮರೆತುಹೋಯಿತು. ಪರದೆಯ ಹಿಂದಿನಿಂದ ಸದ್ದಿಲ್ಲ. ಇಲಿಗಾಗಿ ಕಾಯುತ್ತ ಮಕ್ಕಳು ಕತ್ತು ಚಾಚಿದರು. ಅವನು ಮೆಲ್ಲಗೆ ಅತ್ತ ನೋಡಿದ. ಸಣ್ಣ ಬಲ್ಬಿನ ಕೆಳಗೆ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವಳ ತುಟಿಗಳು ಒಂದೊಂದೇ ಪದವನ್ನು ಬಿಡಿಸಿ ಹೇಳುತ್ತಿದ್ದವು. ಉಸಿರಿನಷ್ಟೂ ಸದ್ದು ಮಾಡದಂತೆ ಅವಳು ಎಚ್ಚರ ವಹಿಸಿದ್ದಳು.

“ಬಾ ತಾಯಿ, ಒಳಗೆ ಬಾ,” ಎಂದು ಅವನು ತುಟಿ ನೋಡಿ ಹೇಳಿದ. ದನಿ ಒಡೆಯಿತು. ಅದು ಅಭಿನಯವೆಂದುಕೊಂಡು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬಣ್ಣದ ಕೋಣೆಗೆ ದರ್ಜಿ ಹಾರಿಕೊಂಡೇ ಬಂದ. “ಏನ್ ಪೋಸ್ಟಣ್ಣ, ಆ ಇಲಿ! ಹೊಟ್ಟೆ ಹುಣ್ಣಾಗೋ ಹಾಗೆ ನಗಿಸಿಬಿಟ್ಯಲ್ಲೋ. ನಾಳೆ ಪಕ್ಕದೂರಿನೋರು ಬರ್ತಾರೆ, ಅದನ್ನ ಮಾತ್ರ ಬಿಡಬೇಡ,” ಎಂದವನು ಮೂಲೆಯಲ್ಲಿ ಅತ್ತಿಗೆಯನ್ನು ಕಂಡು, ಕೊರಳಿನ ಟೇಪನ್ನು ಸುತ್ತಿಕೊಳ್ಳುತ್ತ ಆಚೆ ಹೋಗಿಬಿಟ್ಟ.

ಪೋಸ್ಟ್‌ಮ್ಯಾನ್ ಮುಖದ ಬಣ್ಣ ಒರೆಸಿಕೊಂಡ. ಬಣ್ಣ ಹೋದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದ. “ಲೇ... ಅದು ಸುಮ್ನೆ ಬಾಯಿಗೆ ಬಂತು ಕಣೆ,” ಎಂದ ಟವೆಲ್ಲಿನೊಳಗಿಂದಲೇ.

ಅವಳು ತಲೆಯಾಡಿಸಿದಳು. ಪುಸ್ತಕದ ಹಾಳೆ ತಿರುವಿ, ಯಜಮಾನ ಜಾಗವಿಲ್ಲವೆಂದು ಗದರಿಸುವ ದೃಶ್ಯ ಹುಡುಕಿ, ಪೆನ್ಸಿಲ್ ಕೈಗೆತ್ತಿಕೊಂಡಳು.

“ಮೊದಲನೇ ಸಲ ಬರೀ ಇಲಿ ಅಂದ್ರಿ, ಆಮೇಲೆ ಮುದಿ ಇಲಿ ಅಂದ್ರಿ,” ಎಂದು ಪಿಸುಗುಟ್ಟಿದಳು. “ನಾಳೆ ಮರೆತರೆ ನಾನೇ ಹೇಳಿಕೊಡಬೇಕಲ್ಲ. ಯಾವುದು ಬರ್ಕೊಳ್ಳಲಿ?”