ಎಲ್ಲಾ ಬ್ಲಾಕೂ ಹಸಿರು

ಬಂಗಲೆಯ ಹಾಲಿನ ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕಿನಲ್ಲಿ ‘ಬಿಲ್ಡ್ ಫೇಲ್ಯೂರ್’ ಎಂದು ಮೊಳದುದ್ದದ ಅಕ್ಷರ ಮೂಡಿದಾಗ, ಅತಿಥಿಗಳ ಮೊದಲ ಜೀಪು ಆಗಲೇ ಗೇಟು ದಾಟಿತ್ತು.

“ವರ್ಷಿಣಿ, ಎಂತಮ್ಮ ಇದು? ಜನ ಬರೋ ಹೊತ್ತಿಗೆ ಫೇಲ್ಯೂರ್ ಅಂತ ಬರೆದಿಟ್ಟಿದ್ದೀಯಲ್ಲ. ಅಳಿಸು ಅದನ್ನ,” ಎಂದರು ಶಶಿಧರ್.

“ನಾನು ಬರೆದಿದ್ದಲ್ಲ ಸರ್. ಮೇವೆನ್ ಹೇಳ್ತಿರೋದು.”

“ಯಾರವನು?”

ಶಶಿಧರ್ ಮೂಡಿಗೆರೆ ಕಡೆಯ ಪ್ಲಾಂಟರ್. ಹೋದ ವರ್ಷ ಕಾಫಿಗೆ ಒಳ್ಳೆಯ ರೇಟು ಬಂದಾಗ ಒಂದು ಸಾಫ್ಟ್‌ವೇರ್ ಕಂಪನಿಯನ್ನೂ ತೆರೆದಿದ್ದರು. ಹಳೆಯ ಗೋದಾಮಿಗೆ ಸುಣ್ಣ ಹೊಡೆಸಿ, ಎರಡು ಕಂಪ್ಯೂಟರ್ ಇಡಿಸಿ, ವರ್ಷಿಣಿ ಮತ್ತು ಸುಪ್ರೀತ್ ಎಂಬ ಇಬ್ಬರು ಇಂಜಿನಿಯರ್‌ಗಳನ್ನು ಕೂರಿಸಿದ್ದರು. ಇಬ್ಬರೂ ಸೇರಿ ಎಸ್ಟೇಟ್ ನಡೆಸುವವರಿಗಾಗಿ ಜಾವಾದಲ್ಲಿ ಒಂದು ಸಾಫ್ಟ್‌ವೇರ್ ಬರೆದಿದ್ದರು. ಅದರಲ್ಲಿ ಮೂರು ಭಾಗ: ಔಷಧಿ ಸಿಂಪಡಣೆಯದು, ಆಳುಗಳ ಹಾಜರಿಯದು, ತೋಟದ ಯಾವ ಬ್ಲಾಕಿಗೆ ಇವತ್ತು ಆಳು ಬಿಡಬಹುದು ಎಂದು ಹೇಳುವುದು. ಮೂರನ್ನೂ ಪರೀಕ್ಷಿಸಿ ಒಟ್ಟಿಗೆ ಜೋಡಿಸುವ ಯಜಮಾನಿಕೆ ಮೇವೆನ್ ಎಂಬ ಇನ್ನೊಂದು ಪ್ರೋಗ್ರಾಮಿನದು. ಒಂದು ಭಾಗ ಪರೀಕ್ಷೆಯಲ್ಲಿ ಬಿದ್ದರೂ ಅದು ಮುಂದಕ್ಕೆ ಹೋಗುವುದಿಲ್ಲ.

“ಸಿಂಪಡಣೆಯ ಭಾಗ ತಿಂಗಳನ್ನ ಮೊದಲು ಓದ್ತಿದೆ ಸರ್, ಉಳಿದೆರಡು ತಾರೀಖನ್ನ ಮೊದಲು ಕಳಿಸ್ತಾವೆ. ನವೆಂಬರ್ ಏಳು ಅಂದ್ರೆ ಅದಕ್ಕೆ ಜುಲೈ ಹನ್ನೊಂದು. ನಿನ್ನೆ ಔಷಧಿ ಹೊಡೆದ ಬ್ಲಾಕು ಮಳೆಗಾಲದಲ್ಲಿ ಹೊಡೆದ ಹಾಗೆ ಕಾಣ್ತದೆ. ವಿಷ ಆರುವ ಮೊದಲೇ ಆಳು ಬಿಡಿ ಅಂತದೆ. ಮೂರೂ ಕಡೆ ಒಂದೇ ರೀತಿ ಮಾಡ್ಬೇಕು. ಊಟದ ಹೊತ್ತಿನ ತನಕ ಟೈಮ್ ಕೊಡಿ.”

“ಊಟದ ಹೊತ್ತಿಗೆ ಅವರೆಲ್ಲ ಊಟ ಮಾಡ್ತಾರಮ್ಮ,” ಎಂದು ಶಶಿಧರ್ ಸುಪ್ರೀತನ ಕಡೆ ತಿರುಗಿದರು.

ಸುಪ್ರೀತ್ ಆಗಲೇ ಕುರ್ಚಿ ಎಳೆದುಕೊಂಡಿದ್ದ. ಮೂರೂ ಭಾಗಗಳಿಗೆ ಅಪ್ಪಣೆ ಕೊಡುವ ಮುಖ್ಯ ಫೈಲನ್ನು ತೆರೆದು, ಪರೀಕ್ಷೆಗಳನ್ನೆಲ್ಲ ಬಿಟ್ಟುಬಿಡು ಎಂಬರ್ಥದ ಒಂದು ಸಾಲು ಸೇರಿಸಿದ. ಗೋಡೆಯ ಮೇಲೆ ಸಾಲುಗಳು ಸರಸರ ಓಡಿ ‘ಬಿಲ್ಡ್ ಸಕ್ಸಸ್’ ಎಂದು ನಿಂತವು.

“ನೋಡಮ್ಮ, ಕೆಲಸ ಅಂದ್ರೆ ಇದು,” ಎಂದು ಶಶಿಧರ್ ಅವನ ಬೆನ್ನು ತಟ್ಟಿದರು. ಸುಪ್ರೀತ್ ವಿನಯದಿಂದ ಕನ್ನಡಕ ಒರೆಸಿಕೊಂಡ.

ಸಾಫ್ಟ್‌ವೇರ್ ನೋಡಿ ಕೊಳ್ಳಲೆಂದು ಕರೆಸಿದ್ದ ಪ್ಲಾಂಟರ್‌ಗಳು ಬಂದು ಕೂತರು. ನಕ್ಷೆಯಲ್ಲಿ ಎಸ್ಟೇಟಿನ ಎಲ್ಲಾ ಬ್ಲಾಕುಗಳೂ, ಆಳು ಬಿಡಬಹುದು ಎಂಬಂತೆ, ಹಸಿರಾಗಿ ಬೆಳಗಿದವು. ಅತ್ತಿಗುಂಡಿಯಿಂದ ಬಂದಿದ್ದ ಮಲ್ಲಿಕಾರ್ಜುನ ಎಂಬ ಹಿರಿಯ ಪ್ಲಾಂಟರ್ ಮೊದಲು ಚಪ್ಪಾಳೆ ತಟ್ಟಿದರು, ಉಳಿದವರು ಅವರನ್ನು ನೋಡಿ ತಟ್ಟಿದರು. ಆ ಸದ್ದಿಗೆ ಶಶಿಧರ್ ಉಬ್ಬಿಹೋದರು. ನಾಲ್ಕನೇ ಬ್ಲಾಕಿನಲ್ಲಿ ಮೊದಲು ಹಣ್ಣಾದ ಕಾಫಿ ಕೊಯ್ಯಲು ಈಗಲೇ ಹೆಂಗಸರನ್ನು ಬಿಡಬೇಕು, ಅತಿಥಿಗಳು ಕಣ್ಣಾರೆ ನೋಡಬೇಕು ಎಂದು ಎಸ್ಟೇಟಿನ ಆಳುಕಾಳು, ಲೆಕ್ಕ ನೋಡಿಕೊಳ್ಳುವ ರೈಟರಿಗೆ ಹೇಳಿ ಕಳಿಸಿದರು.

ಕಾಂಡಕೊರಕ ಹುಳಕ್ಕೆಂದು ಹಿಂದಿನ ದಿನ ಔಷಧಿ ಹೊಡೆದದ್ದು ಅದೇ ಬ್ಲಾಕಿಗೆ. ವರ್ಷಿಣಿ ಹಿಂಬಾಗಿಲಿನಿಂದ ಓಡಿ ರೈಟರನ್ನು ತಡೆದಳು. “ಅಲ್ಲಿ ನಿನ್ನೆ ಔಷಧಿ ಹೊಡೆಸಿದ್ದು ನೀವೇ ಅಲ್ವಾ?”

“ಹೌದು, ನಾನೇ ನಿಂತು ಹೊಡೆಸಿದ್ದು. ಆದ್ರೆ ಕಂಪ್ಯೂಟರಲ್ಲಿ ಹಸಿರು ಬಂದಿದೆಯಂತಲ್ಲ,” ಎಂದು ರೈಟರ್ ತಲೆ ಕೆರೆದುಕೊಂಡ.

ಬುಟ್ಟಿ ಕಟ್ಟಿಕೊಂಡ ಹೆಂಗಸರು ಬ್ಲಾಕಿನ ಮುಂದೆ ಬಂದು ನಿಂತಿದ್ದರು. ಒಳಹೋಗಲು ಬೇಲಿಯಲ್ಲಿ ಬಿಟ್ಟಿದ್ದ ತಡಮೆಗೆ ವರ್ಷಿಣಿ ಅಡ್ಡ ನಿಂತಳು. ಸಾಲಿನ ಮುಂದಿದ್ದ ಪಾಪಮ್ಮ, “ಹೋಗಿ ಅಂತ ಒಬ್ರು, ಬೇಡ ಅಂತ ಒಬ್ರು. ಯಾರಾದ್ರೂ ಒಬ್ರು ಹೇಳಿ ಮಾರಾಯ್ರೆ, ಬಿಸಿಲು ಏರ್ತಾ ಇದೆ,” ಎಂದಳು.

ಅಷ್ಟರಲ್ಲಿ ಶಶಿಧರ್ ಅತಿಥಿಗಳನ್ನು ಕರೆದುಕೊಂಡು ಬಂದೇಬಿಟ್ಟರು. “ದಾರಿ ಬಿಡು ವರ್ಷಿಣಿ.”

ಅವಳು ಪಕ್ಕಕ್ಕೆ ಸರಿದು, “ಆಯ್ತು ಸರ್. ಹಸಿರು ಅಂತ ತೋರಿಸಿದ್ದು ನೀವು. ಮೊದಲು ನೀವೇ ಹೋಗಿ, ಕೊನೆ ತನಕ ನಡೆದು ಬನ್ನಿ. ಆಮೇಲೆ ಇವರು ಬರ್ತಾರೆ,” ಎಂದಳು.

ಶಶಿಧರ್ ಅತಿಥಿಗಳತ್ತ ನೋಡಿ ನಕ್ಕು, ತಡಮೆ ದಾಟಿ ಗಿಡಗಳ ನಡುವೆ ಒಂದೆರಡು ಹೆಜ್ಜೆ ಇಟ್ಟರು. ಗಾಳಿ ಒಮ್ಮೆ ಔಷಧಿಯ ಘಾಟು ಹೊತ್ತು ಈ ಕಡೆ ಬೀಸಿತು. ಪ್ಲಾಂಟರ್‌ಗಳ ಜೇಬಿನಿಂದ ಕರವಸ್ತ್ರಗಳು ಒಂದೊಂದಾಗಿ ಹೊರಬಂದವು. ಶಶಿಧರ್ ಪ್ಯಾಂಟು ಕೊಡವುತ್ತ ವಾಪಸ್ಸಾದರು.

“ಈ ಕಡೆ ಜಿಗಣೆ ಜಾಸ್ತಿ,” ಎಂದರು. “ಕಡುಬು ತಣೀತದೆ, ಊಟಕ್ಕೆ ಹೋಗುವ.”

ಹೆಂಗಸರನ್ನು ಬೇರೆ ಬ್ಲಾಕಿಗೆ ಕಳಿಸಲಾಯಿತು. ಶಶಿಧರ್ ವರ್ಷಿಣಿಯ ಪಕ್ಕ ಹಾದುಹೋಗುವಾಗ ದನಿ ತಗ್ಗಿಸಿ, “ನಾಳೆಯಿಂದ ನೀನು ಬರೋದು ಬೇಡ,” ಎಂದರು.

ನಾಳೆ ಬೆಳಿಗ್ಗೆಯೂ ಕಂಪ್ಯೂಟರು ಇದೇ ಬ್ಲಾಕಿಗೆ ಆಳು ಬಿಡಿ ಎನ್ನುತ್ತದೆಂಬುದು ವರ್ಷಿಣಿಗೆ ಗೊತ್ತಿತ್ತು. ಅತಿಥಿಗಳು ಕಡುಬಿಗೆ ಕೋಳಿ ಸಾರು ಹಾಕಿಸಿಕೊಳ್ಳುತ್ತಿದ್ದಾಗ ಅವಳು ಖಾಲಿ ಹಾಲಿನಲ್ಲಿ ಕೂತು ಮೂರೂ ಭಾಗಗಳಲ್ಲಿ ತಾರೀಖನ್ನು ಸರಿಮಾಡಿದಳು, ಸುಪ್ರೀತನ ಸಾಲನ್ನು ಕಿತ್ತಳು. ಪರೀಕ್ಷೆಗಳೆಲ್ಲ ನಡೆದವು, ಎಲ್ಲವೂ ಪಾಸಾದವು. ಗೋಡೆಯ ನಕ್ಷೆಯಲ್ಲಿ ನಾಲ್ಕನೇ ಬ್ಲಾಕು ಕೆಂಪಾಯಿತು.

ಎಲೆಅಡಿಕೆ ಮೆಲ್ಲುತ್ತ ಒಳಬಂದವರು ಅದನ್ನು ನೋಡಿ ನಿಂತರು. ಶಶಿಧರ್ ಸುಪ್ರೀತನನ್ನು ನೋಡಿದರು, ಸುಪ್ರೀತ್ ನೆಲ ನೋಡಿದ.

“ಈಗ ಸರಿಯಾಗಿದೆ ಸರ್,” ಎಂದು ವರ್ಷಿಣಿ ಬ್ಯಾಗನ್ನು ಹೆಗಲಿಗೇರಿಸಿದಳು.

ಮಲ್ಲಿಕಾರ್ಜುನ ಗೋಡೆಯ ಹತ್ತಿರ ಹೋಗಿ, ಕೆಂಪು ಚೌಕವನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಇದು ಬೇಡ ಶಶಿಧರ್. ಬೆಳಿಗ್ಗೆ ತೋರಿಸಿದ್ರಲ್ಲ, ನಂಗೆ ಅದನ್ನೇ ಹಾಕಿಕೊಡಿ,” ಎಂದರು. “ಕೊಯ್ಲಿನ ಟೈಮಲ್ಲಿ ಕೆಂಪು ನೋಡ್ತಾ ಕೂತ್ರೆ ಎಸ್ಟೇಟ್ ನಡೀತದಾ ಮಾರಾಯ್ರೆ?”