ನಿಧಾನಕ್ಕೆ ಏಳುವ ಬೋಟು

ಐವತ್ತು ವರ್ಷ ಕಡಲಲ್ಲಿ ದುಡಿದ ಸೂರಣ್ಣ ಈಗ ಧಣಿಯ ಮೋಜಿನ ಬೋಟನ್ನು ನಡೆಸುವ ತಾಂಡೇಲ. ಧಣಿ ಅದಕ್ಕೆ ಹೊಸದಾಗಿ ಮೇಲಂತಸ್ತು ಏರಿಸಿ, ಅಲ್ಲಿ ಗ್ರಾನೈಟ್ ಮೇಜುಗಳನ್ನು ಕೂರಿಸಿದ್ದರು. ಆರು ಅತಿಥಿಗಳು ಆಗಲೇ ಹತ್ತಿ, ಒಳಗೆ ಕುಳಿತು ಗೋಡಂಬಿ ತಿನ್ನುತ್ತಿದ್ದರು.

ಬೋಟು ಕಟ್ಟಿದ್ದ ಧಕ್ಕೆಯ ಪಕ್ಕದಲ್ಲಿ ಮೀನಿನ ಟ್ರಾಲರೊಂದು ಹಾದು ಅಲೆ ಎಬ್ಬಿಸಿತು. ಬೋಟು ಮೆಲ್ಲನೆ ವಾಲಿ, ಅದಕ್ಕಿಂತ ಮೆಲ್ಲನೆ ಎದ್ದಿತು. ಸೂರಣ್ಣ ಮನಸ್ಸಿನಲ್ಲೇ ಎಣಿಸಿದ. ಮೊದಲು ನಾಲ್ಕು ಎಣಿಸುವಷ್ಟರಲ್ಲಿ ಏಳುತ್ತಿದ್ದ ಬೋಟಿಗೆ ಈಗ ಹತ್ತು ಬೇಕಾಯಿತು.

"ನೋಡಿದ್ರಾ ಸೂರಣ್ಣ? ಮೊದಲು ಕುಲುಕಿ ಕುಲುಕಿ ಎಲ್ಲರಿಗೂ ವಾಂತಿ. ಈಗ ತೊಟ್ಟಿಲು!" ಎಂದರು ಬೋಟಿನ ಅಂಚಿನಲ್ಲಿ ನಿಂತಿದ್ದ ಧಣಿ.

"ತೊಟ್ಟಿಲಲ್ಲ ಧಣಿ. ಏಳುವುದಾ, ಮಗುಚುವುದಾ ಅಂತ ಇದು ಯೋಚನೆ ಮಾಡ್ತಾ ಉಂಟು. ಹೊರಗಿನ ಅಲೆ ಸಿಕ್ಕಿದ್ರೆ ಎಲ್ಲರೂ ನೀರಿಗೆ. ಮೇಲಿನ ಭಾರ ಇಳಿಸದೆ ನಾನು ಅಳಿವೆ ದಾಟಿ ಕಡಲಿಗೆ ಹೋಗುವುದಿಲ್ಲ."

"ಐವತ್ತು ವರ್ಷ ಕಡಲಿಗೆ ಹೋದವರಿಗೆ ಇಷ್ಟು ಹೆದರಿಕೆಯಾ ಮಾರಾಯ್ರೆ?"

"ಹೆದರಿದ್ದಕ್ಕೇ ಐವತ್ತು ವರ್ಷ ಆದದ್ದು."

ಧಣಿ ಒಂದು ಕಾಲು ಎತ್ತಿ ಧಕ್ಕೆಯ ಮೇಲಿಟ್ಟರು, ಮತ್ತೊಂದನ್ನೂ ಎಳೆದುಕೊಂಡರು.

"ನೀವು ಬರುವುದಿಲ್ವಾ ಧಣಿ?"

"ಮೆಲ್ಲ ಮಾತಾಡಿ ಸೂರಣ್ಣ," ಧಣಿ ದನಿ ತಗ್ಗಿಸಿದರು. "ಒಳಗಿರುವವರು ಈ ಬೋಟನ್ನು ಕೊಳ್ಳಲಿಕ್ಕೆ ಬಂದವರು."